ತಗ್ಗು ಸ್ಪೋರ್ಟ್ಸ್ ಕಾರಿಗೆ ಟ್ರ್ಯಾಕ್ ಡೇ ಚಕ್ರಗಳು: ಎಲ್ಲಿ ಬದಲಿಸಬೇಕು, ಹೇಗೆ ಎತ್ತಬೇಕು, ಯಾವುದನ್ನು ಆರಿಸಬೇಕು

ಸ್ವಂತ ಕಾರನ್ನು ರೇಸ್ ಟ್ರ್ಯಾಕಿನಲ್ಲಿ ಓಡಿಸುವ ದಿನಕ್ಕೆಂದು, ಅಂದರೆ ಟ್ರ್ಯಾಕ್ ಡೇಗೆಂದು, ಎರಡನೆಯ ಸೆಟ್ ಚಕ್ರಗಳನ್ನು ಕೊಳ್ಳಲು ಹೊರಟವರಲ್ಲಿ ಹೆಚ್ಚಿನವರು ಮೊದಲು ಟೈರಿನ ಹೆಸರು ಹುಡುಕುತ್ತಾರೆ, ಆಮೇಲೆ ರಿಮ್ಮಿನ ಅಳತೆ ನೋಡುತ್ತಾರೆ, ಎಲ್ಲವನ್ನೂ ಕೊಂಡಾದ ಮೇಲೆ ಕಾರನ್ನು ಎತ್ತುವುದು ಹೇಗೆಂದು ಯೋಚಿಸುತ್ತಾರೆ. ತಗ್ಗು ಕಾರಿನ ಮಟ್ಟಿಗೆ ಈ ಕ್ರಮವನ್ನು ತಲೆಕೆಳಗು ಮಾಡಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ. ಇಂತಹ ಕಾರಿನಲ್ಲಿ ನೆಲಕ್ಕೂ ಕಾರಿನ ಅಡಿಗೂ ನಡುವಿನ ಅಂತರ ಸಾಮಾನ್ಯವಾಗಿ 100ರಿಂದ 130 ಮಿಲಿಮೀಟರ್ ಮಾತ್ರ. ಸ್ಪ್ರಿಂಗ್ ಬದಲಿಸಿ ಇನ್ನಷ್ಟು ತಗ್ಗಿಸಿದ್ದರೆ ಅಷ್ಟೂ ಇರುವುದಿಲ್ಲ. ಮನೆಬಳಕೆಯ ಸಾಧಾರಣ ಟ್ರಾಲಿ ಜ್ಯಾಕಿನ (ಸಣ್ಣ ಚಕ್ರಗಳ ಮೇಲೆ ಉರುಳುವ ಜ್ಯಾಕ್) ತಲೆಯಾದರೋ ಪೂರ್ತಿ ಇಳಿಸಿದಾಗಲೂ ಸುಮಾರು 130 ಮಿಲಿಮೀಟರ್ ಎತ್ತರದಲ್ಲಿರುತ್ತದೆ. ಚಕ್ರ ಬದಲಿಸುವ ಕೆಲಸವನ್ನು ಮನೆಯಲ್ಲಿ ಮಾಡಬೇಕೋ ಟ್ರ್ಯಾಕಿನ ಪಕ್ಕದಲ್ಲಿ ಕಾರು ನಿಲ್ಲಿಸುವ ಅಂಗಳವಾದ ಪ್ಯಾಡಕ್‌ನಲ್ಲಿ ಮಾಡಬೇಕೋ, ಅದಕ್ಕೆ ಎಷ್ಟು ಹೊತ್ತು ಹಿಡಿಯುತ್ತದೆ, ಕೊನೆಗೆ ಯಾವ ಬಗೆಯ ಟೈರ್ ಕೊಂಡರೆ ಪ್ರಯೋಜನ ಎಂಬುದೆಲ್ಲ ಈ ಕೆಲವೇ ಮಿಲಿಮೀಟರುಗಳನ್ನು ಅವಲಂಬಿಸಿದೆ.

ಆದ್ದರಿಂದ ಮೊದಲು ಒಂದು ಸ್ಕೇಲು ಮತ್ತು ಟಾರ್ಚ್ ಹಿಡಿದು ಕಾರಿನ ಪಕ್ಕದಲ್ಲಿ ಮೊಣಕಾಲೂರಿ, ಜ್ಯಾಕ್ ಕೊಡಬೇಕಾದ ನಾಲ್ಕು ಜಾಗಗಳಲ್ಲಿಯೂ ನೆಲದಿಂದ ಎಷ್ಟು ಎತ್ತರವಿದೆ ಎಂದು ಅಳೆದು ಬರೆದಿಡಿ. ನಿಮ್ಮ ಬಳಿ ಎಲ್ಲಕ್ಕಿಂತ ಚಿಕ್ಕ ಟೈರಿರುವ ಸೆಟ್ ಯಾವುದೋ ಅದನ್ನು ಹಾಕಿಕೊಂಡೇ ಈ ಅಳತೆ ತೆಗೆಯಬೇಕು. ಟೈರಿನ ವ್ಯಾಸ 20 ಮಿಲಿಮೀಟರ್ ಕಡಿಮೆಯಾದರೆ ಕಾರು 10 ಮಿಲಿಮೀಟರ್ ಕೆಳಗಿಳಿಯುತ್ತದೆ, ಮನೆಯಲ್ಲಿ ಸಲೀಸಾಗಿ ಒಳಹೋದ ಜ್ಯಾಕ್ ಸಂಜೆ ಪ್ಯಾಡಕ್‌ನಲ್ಲಿ ಒಳಹೋಗದೆ ನಿಲ್ಲುತ್ತದೆ.

ಬದಲಿಸುವ ಜಾಗ

ನಿಮ್ಮ ಮುಂದಿರುವ ದಾರಿಗಳು ನಾಲ್ಕು. ಒಂದೇ ಸೆಟ್ ರಿಮ್ ಇಟ್ಟುಕೊಂಡು ಪ್ರತಿ ಸಲ ಟೈರನ್ನು ಮಾತ್ರ ಬದಲಿಸುವುದು ಮೊದಲನೆಯದು. ಹಿಂದಿನ ಸಂಜೆ ಮನೆಯಲ್ಲೇ ಟ್ರ್ಯಾಕ್ ಚಕ್ರ ಹಾಕಿ, ಅದರ ಮೇಲೆಯೇ ಹೋಗಿ ಬರುವುದು ಎರಡನೆಯದು. ಚಕ್ರಗಳನ್ನು ಹೊತ್ತುಕೊಂಡು ಹೋಗಿ ಪ್ಯಾಡಕ್‌ನಲ್ಲಿ ಬದಲಿಸುವುದು ಮೂರನೆಯದು. ಕಾರನ್ನೇ ಟ್ರೇಲರಿನ ಮೇಲೆ ಒಯ್ಯುವುದು ನಾಲ್ಕನೆಯದು.

ಮೊದಲನೆಯದರ ಚರ್ಚೆಯನ್ನು ಬೇಗ ಮುಗಿಸಬಹುದು. ಟೈರನ್ನು ರಿಮ್ಮಿನಿಂದ ಬಿಚ್ಚಿ ಹಾಕುವಾಗಲೆಲ್ಲ ಅಂಚಿನ ತಂತಿಯ ಸುತ್ತು, ಅಂದರೆ ಬೀಡ್, ಎಳೆತಕ್ಕೆ ಸಿಗುತ್ತದೆ. ರಿಮ್ಮಿನ ಅಂಚಿಗೆ ಗೀರು ಬೀಳುತ್ತದೆ. ಪ್ರತಿ ಸಲವೂ ಹೊಸದಾಗಿ ಬ್ಯಾಲೆನ್ಸ್ ಮಾಡಿಸಬೇಕು. ವರ್ಷಕ್ಕೊಮ್ಮೆ ಟ್ರ್ಯಾಕಿಗೆ ಹೋಗುವವರಿಗೆ ಇದು ಸರಿ. ಮೂರು ನಾಲ್ಕು ಸಲ ಹೋಗುವವರಿಗೆ ಎರಡನೆಯ ಸೆಟ್ ರಿಮ್ಮೇ ಲೇಸು.

ನಾಲ್ಕನೆಯದಾದ ಟ್ರೇಲರಿನ ದಾರಿ ರಸ್ತೆಯ ಮೇಲೆ ಓಡಿಸಲು ಅನುಮತಿಯಿಲ್ಲದ, ಗೆರೆಗಳೇ ಇಲ್ಲದ ಸ್ಲಿಕ್ ಟೈರುಗಳನ್ನು ಬಳಸುವವರಿಗೆ, ಟ್ರ್ಯಾಕಿಗೆಂದೇ ಕಾರನ್ನು ಮಾರ್ಪಡಿಸಿದವರಿಗೆ ಹೊಂದುತ್ತದೆ. ಚಕ್ರ, ಜ್ಯಾಕ್, ಉಪಕರಣ ಎಲ್ಲಕ್ಕೂ ಎಳೆಯುವ ವಾಹನದಲ್ಲಿ ಜಾಗವಿರುತ್ತದೆ, ಕಾರು ಕೆಟ್ಟು ನಿಂತರೂ ಮನೆಗೆ ಬರುತ್ತದೆ. ಆದರೆ ತಗ್ಗು ಕಾರನ್ನು ಟ್ರೇಲರಿನ ಇಳಿಜಾರಿಗೆ ಹತ್ತಿಸುವುದೇ ಒಂದು ಕೆಲಸ. ಮುಂದಿನ ಬಂಪರಿನ ತುಟಿ ತಗಲದಂತೆ ಉದ್ದನೆಯ, ಇಳುಕಲು ಕಡಿಮೆಯಿರುವ ಹಲಗೆ ಬೇಕಾಗುತ್ತದೆ.

ನಿಜವಾದ ಆಯ್ಕೆ ಇರುವುದು ಮನೆಗೂ ಪ್ಯಾಡಕ್‌ಗೂ ನಡುವೆ. ಪ್ಯಾಡಕ್‌ನಲ್ಲಿ ಬದಲಿಸುವುದರ ಲಾಭ ದೊಡ್ಡದು: ಟ್ರ್ಯಾಕ್ ಟೈರಿನ ಮೆತ್ತನೆಯ ರಬ್ಬರು ಹೆದ್ದಾರಿಯಲ್ಲಿ ಸವೆಯುವುದಿಲ್ಲ, ಮರಳುವಾಗ ಮಳೆ ಬಂದರೂ ಆಳವಾದ ಗೆರೆಗಳಿರುವ ರಸ್ತೆ ಟೈರಿನ ಮೇಲೆ ಬರುತ್ತೀರಿ, ಇವೆರಡಕ್ಕಿಂತ ಮುಖ್ಯವಾಗಿ ಟ್ರ್ಯಾಕಿನಲ್ಲಿ ಒಂದು ಟೈರ್ ಹಾಳಾದರೆ ಮನೆಗೆ ಬರಲು ಇನ್ನೊಂದು ಪೂರ್ತಿ ಸೆಟ್ ಕೈಯಲ್ಲಿರುತ್ತದೆ. ಈ ಕೊನೆಯ ಮಾತನ್ನು ಹಗುರವಾಗಿ ತೆಗೆದುಕೊಳ್ಳಬಾರದು. ಇಂತಹ ಬಹಳಷ್ಟು ಕಾರುಗಳಲ್ಲಿ ಸ್ಟೆಪ್ನಿ ಇರುವುದೇ ಇಲ್ಲ. ತೂತು ಮುಚ್ಚುವ ದ್ರವದ ಬಾಟಲಿಯೊಂದು, ಸಣ್ಣ ಗಾಳಿ ಪಂಪೊಂದು ಮಾತ್ರ ಇರುತ್ತವೆ. ಬ್ರೇಕ್ ಕಟ್ಟಿಕೊಂಡು ಜಾರಿದ್ದರಿಂದ ಒಂದೇ ಕಡೆ ಚಪ್ಪಟೆಯಾಗಿ ಸವೆದ ಟೈರಿಗೂ, ಪಕ್ಕದ ಗೋಡೆ ಸೀಳಿದ ಟೈರಿಗೂ ಆ ಬಾಟಲಿಯಿಂದ ಯಾವ ಉಪಯೋಗವೂ ಇಲ್ಲ.

ತೊಡಕಿರುವುದು ಹೊರೆಯಲ್ಲಿ. 205/45 ಆರ್17 ಅಳತೆಯ ಟೈರಿನ ಹೊರವ್ಯಾಸ 616 ಮಿಲಿಮೀಟರ್. ರಿಮ್ ಸೇರಿ ಒಂದೊಂದು 16ರಿಂದ 18 ಕಿಲೋ ತೂಗುತ್ತದೆ. ನಾಲ್ಕು ಚಕ್ರ, ತಗ್ಗು ಜ್ಯಾಕ್, ಎತ್ತಿದ ಕಾರನ್ನು ಹೊತ್ತು ನಿಲ್ಲುವ ಸ್ಟ್ಯಾಂಡ್, ಉಪಕರಣಗಳ ಪೆಟ್ಟಿಗೆ ಸೇರಿದರೆ 100 ಕಿಲೋ ದಾಟುತ್ತದೆ. ಮಾಜ್ದಾ ಎಂಎಕ್ಸ್-5ರ ನಾಲ್ಕನೆಯ ತಲೆಮಾರಿನ ಕಾರಿನಲ್ಲಿ ಸಾಮಾನಿನ ಜಾಗ 130 ಲೀಟರ್. ಅದರಲ್ಲಿ ಇಷ್ಟನ್ನು ತುಂಬುವ ಮಾತೇ ಇಲ್ಲ. ಪಕ್ಕದ ಸೀಟಿನ ಮೇಲೆ ಎರಡು ಚಕ್ರಗಳನ್ನು ಪೇರಿಸಿ, ಕಟ್ಟದೆ ಹೊರಡುವವರಿದ್ದಾರೆ. ಜೋರಾಗಿ ಬ್ರೇಕ್ ಒತ್ತಬೇಕಾದ ಗಳಿಗೆಯಲ್ಲಿ ಆ ಹದಿನೇಳು ಕಿಲೋ ಎಲ್ಲಿಗೆ ಹಾರುತ್ತದೆ ಎಂದು ಯೋಚಿಸಿದರೆ ಹಾಗೆ ಮಾಡಲು ಮನಸ್ಸಾಗುವುದಿಲ್ಲ. ಚಕ್ರದ ನಡುವಿನಿಂದ ಪಟ್ಟಿ ಹಾಯಿಸಿ, ಸೀಟಿನ ಬುಡಕ್ಕೋ ನೆಲದ ಕೊಂಡಿಗೋ ಬಿಗಿಯಲು ಸಾಧ್ಯವಿಲ್ಲದ ಕಾರಿನಲ್ಲಿ ಚಕ್ರ ಒಯ್ಯಬೇಡಿ. ಜೊತೆಗೆ ಬರುವವರ ದೊಡ್ಡ ವಾಹನದಲ್ಲಿ ಹಾಕಿ ಕಳಿಸಿ.

ಪ್ಯಾಡಕ್‌ನ ಬೆಳಗಿನ ಹೊತ್ತನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಹೆಸರು ನೋಂದಣಿ, ಚಾಲಕರಿಗೆ ಕೊಡುವ ಸೂಚನೆ, ಕೆಲವೆಡೆ ಶಬ್ದದ ಪರೀಕ್ಷೆ, ಇವೆಲ್ಲ ಮುಗಿಯುವ ಹೊತ್ತಿಗೆ ಮೊದಲ ಸೆಷನ್‌ಗೆ ಕರೆ ಬಂದಿರುತ್ತದೆ. ಒಂದೊಂದೇ ಮೂಲೆ ಎತ್ತಿ ನಾಲ್ಕು ಚಕ್ರ ಬದಲಿಸಲು ಅಭ್ಯಾಸವಿದ್ದವರಿಗೂ ಮುಕ್ಕಾಲು ಗಂಟೆ ಬೇಕು. ಅವಸರದಲ್ಲಿ ಬಿಗಿದ ನಟ್‌ಗಳ ಮೇಲೆ ಟ್ರ್ಯಾಕಿಗೆ ಇಳಿಯುವುದು ನನಗೆ ಎಂದೂ ಸರಿಕಂಡಿಲ್ಲ.

ಹೀಗಾಗಿ ನನ್ನ ಶಿಫಾರಸು ಇದು. ಟ್ರ್ಯಾಕ್ ಎರಡು ಗಂಟೆಯ ದಾರಿಯೊಳಗಿದ್ದು, ಟೈರ್ ರಸ್ತೆಗೆ ಅನುಮತಿಯಿರುವ ಬಗೆಯದಾಗಿದ್ದು, ಮಳೆಯ ಸೂಚನೆ ಇಲ್ಲದಿದ್ದರೆ ಹಿಂದಿನ ಸಂಜೆ ಮನೆಯಲ್ಲಿಯೇ ಬದಲಿಸಿ. ಮಟ್ಟಸವಾದ ನೆಲ, ಒಳ್ಳೆಯ ಬೆಳಕು ಮತ್ತು ಬೇಕಾದಷ್ಟು ಸಮಯ ಈ ಕೆಲಸಕ್ಕೆ ಬೇಕು, ಮೂರೂ ಮನೆಯಲ್ಲಿವೆ. ಮುಂದಿನ ಹಿಂದಿನ ಚಕ್ರಗಳು ಒಂದೇ ಅಳತೆಯವಾದರೆ ರಸ್ತೆ ಸೆಟ್ಟಿನ ಒಂದು ಚಕ್ರವನ್ನು ಕಟ್ಟಿಕೊಂಡು ಹೋಗಿ. ನಾಲ್ಕನ್ನು ಹೊರಲಾಗದ ಕಾರು ಒಂದನ್ನು ಹೊರುತ್ತದೆ, ಮನೆ ತಲುಪಲು ಅಷ್ಟು ಸಾಕು. ಹಿಂದಿನ ಚಕ್ರ ಅಗಲವಾಗಿರುವ ಕಾರಿನಲ್ಲಿ ಈ ಉಪಾಯ ಅರ್ಧ ಮಾತ್ರ ಫಲಿಸುತ್ತದೆ. ದೂರ ಹೆಚ್ಚಾದಂತೆ, ಟೈರ್ ಮೆತ್ತಗಾದಂತೆ, ಮಳೆಗಾಲ ಹತ್ತಿರವಾದಂತೆ ತೂಕ ಪ್ಯಾಡಕ್‌ನ ಕಡೆಗೆ ವಾಲುತ್ತದೆ.

ಎತ್ತುವ ಬಗೆಗಳ ಹೋಲಿಕೆ

ಕಾರಿನ ಜೊತೆ ಬರುವ ಕತ್ತರಿ ಜ್ಯಾಕನ್ನು ಇಲ್ಲಿ ಲೆಕ್ಕಕ್ಕೆ ಹಿಡಿದಿಲ್ಲ. ಅದು ದಾರಿಯಲ್ಲಿ ಪಂಕ್ಚರ್ ಆದಾಗಿನ ಆಪತ್ತಿಗೆ. ಕೆಲಸಕ್ಕೆ ಬರುವ ಮೊದಲ ಸಾಧನ ತಗ್ಗು ಟ್ರಾಲಿ ಜ್ಯಾಕ್. ಇದರ ತಲೆ ಇಳಿಸಿದಾಗ 75ರಿಂದ 90 ಮಿಲಿಮೀಟರ್ ಎತ್ತರದಲ್ಲಿರುತ್ತದೆ. ಆದರೆ ಕೊಳ್ಳುವಾಗ ತಲೆಯ ಎತ್ತರವನ್ನು ಮಾತ್ರ ನೋಡಿದರೆ ಸಾಲದು, ತಲೆಯ ಹಿಂದಿನ ತೋಳಿನ ಎತ್ತರವನ್ನೂ ನೋಡಬೇಕು. ಕೆಲವು ಜ್ಯಾಕುಗಳ ತಲೆ ತಗ್ಗಾಗಿದ್ದರೂ ಒಂದು ಗೇಣು ಹಿಂದಕ್ಕೆ ತೋಳು ಗೂನಿನಂತೆ ಎದ್ದಿರುತ್ತದೆ. ಬಾಗಿಲಿನ ಕೆಳಗಿನ ಸ್ಕರ್ಟಿಗೆ ಮೊದಲು ತಗಲುವುದು ಆ ಗೂನು. ಒಮ್ಮೆ ನಾನು ಪಂಪ್ ಮಾಡುತ್ತಿದ್ದಾಗ ತಲೆ ಸರಿಯಾಗಿ ಕೂತಿದೆ ಎಂದು ಅದನ್ನೇ ನೋಡುತ್ತಿದ್ದೆ. ಟಿಕ್ ಎಂಬ ಸಣ್ಣ ಸದ್ದು ಕೇಳಿತು, ಸ್ಕರ್ಟಿನ ಅಂಚಿನಲ್ಲಿ ಕೂದಲೆಳೆಯ ಬಿರುಕು ಕಾಣಿಸಿಕೊಂಡಿತು. ಅಂದಿನಿಂದ ಮೊದಲ ನಾಲ್ಕು ಪಂಪಿನವರೆಗೆ ತೋಳಿನ ಕಡೆಗೇ ನನ್ನ ಕಣ್ಣು.

ಜ್ಯಾಕ್ ಒಳಗೆ ಹೋಗುವುದೇ ಇಲ್ಲ ಎಂದಾದರೆ ಮರದ ಹಲಗೆಗಳು ಉಪಾಯ. 35ರಿಂದ 40 ಮಿಲಿಮೀಟರ್ ದಪ್ಪದ, ಟೈರಿಗಿಂತ ಅಗಲವಾದ ಹಲಗೆಯ ಒಂದು ತುದಿಯನ್ನು ಓರೆಯಾಗಿ ಕೊಯ್ದು, ಅದರ ಮೇಲೆ ಚಕ್ರ ಹತ್ತಿಸಿ ನಿಲ್ಲಿಸಿದರೆ ಅಷ್ಟೇ ಎತ್ತರ ಜ್ಯಾಕಿಗೆ ಸಿಗುತ್ತದೆ. ಸರಳ, ಹಗುರ, ಕೆಡುವಂಥದ್ದೇನೂ ಇಲ್ಲ. ಇಟ್ಟಿಗೆಯನ್ನೋ ಪೊಳ್ಳು ಕಾಂಕ್ರೀಟ್ ದಿಮ್ಮಿಯನ್ನೋ ಮಾತ್ರ ಈ ಕೆಲಸಕ್ಕೆ ಬಳಸಬಾರದು, ಅವು ಸೂಚನೆಯನ್ನೇ ಕೊಡದೆ ಒಡೆಯುತ್ತವೆ.

ಗಟ್ಟಿ ಚಾಸಿಯ ಕಾರುಗಳಲ್ಲಿ ಇನ್ನೊಂದು ಅನುಕೂಲವಿದೆ. ಪೋರ್ಷೆ 911ರಂತಹ ಕಾರನ್ನು ಹಿಂಬದಿಯ ಜ್ಯಾಕ್ ಪಾಯಿಂಟಿನಿಂದ ಎತ್ತಿದರೆ ಅದೇ ಪಕ್ಕದ ಮುಂದಿನ ಚಕ್ರವೂ ನೆಲ ಬಿಡುತ್ತದೆ. ಎಂಜಿನ್ನಿನ ಭಾರ ಹಿಂದಿರುವುದು ಮತ್ತು ಒಡಲು ತಿರುಚಿಕೊಳ್ಳದಿರುವುದು ಇದಕ್ಕೆ ಕಾರಣ. ಒಂದು ಪಕ್ಕಕ್ಕೆ ಒಂದೇ ಎತ್ತು ಸಾಕಾಗುವುದರಿಂದ ಹಿಡಿಯುವ ಹೊತ್ತು ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆ. ಆದರೆ ಹೀಗೆ ಎತ್ತಿದ ಕಾರು ಮೂರು ಬಿಂದುಗಳ ಮೇಲೆ ನಿಂತಿರುತ್ತದೆ, ಆಚೆ ಪಕ್ಕದ ಎರಡೂ ಚಕ್ರಗಳಿಗೆ ಮುಂದೆ ಹಿಂದೆ ಅಡ್ಡಗಟ್ಟೆ ಇಡದೆ ಎತ್ತುವಂತಿಲ್ಲ.

ಎರಡು ಉದ್ದನೆಯ ಚೌಕಟ್ಟುಗಳನ್ನು ಕಾರಿನ ಎರಡೂ ಪಕ್ಕದ ಅಡಿಗೆ ಸರಿಸಿ, ಹೈಡ್ರಾಲಿಕ್ ಪಂಪಿನಿಂದ ಇಡೀ ಕಾರನ್ನು ಅರ್ಧ ಮೀಟರಿನಷ್ಟು ಎತ್ತುವ ಸಂಚಾರಿ ಲಿಫ್ಟ್‌ಗಳೂ ಸಿಗುತ್ತವೆ. ಮನೆಯಲ್ಲಿ ಬದಲಿಸುವವರಿಗೆ ಇದಕ್ಕಿಂತ ನಿಶ್ಚಿಂತೆಯ ಸಾಧನ ಇನ್ನೊಂದಿಲ್ಲ: ನಾಲ್ಕು ಚಕ್ರವೂ ಒಟ್ಟಿಗೆ ನೆಲ ಬಿಡುತ್ತವೆ, ಎತ್ತಿದ ಮೇಲೆ ಕಬ್ಬಿಣದ ಕೊಂಡಿ ತಾನಾಗಿ ಬೀಳುತ್ತದೆ, ಬ್ರೇಕ್ ಪ್ಯಾಡುಗಳ ದಪ್ಪವನ್ನು ಅದೇ ಉಸಿರಿನಲ್ಲಿ ನೋಡಿಕೊಳ್ಳಬಹುದು. ಪ್ಯಾಡಕ್‌ಗೆ ಒಯ್ಯಲು ಇವು ತೀರ ಭಾರ. ವರ್ಷಕ್ಕೆ ಆರು ಸಲಕ್ಕಿಂತ ಹೆಚ್ಚು ಬದಲಿಸುವವರು ರಿಮ್ಮಿಗೆ ಹಾಕುವ ಹಣದಲ್ಲಿ ಸ್ವಲ್ಪ ಕಡಿತ ಮಾಡಿಯಾದರೂ ಇದನ್ನು ಕೊಳ್ಳುವುದು ಒಳ್ಳೆಯದು.

ಯಾವ ಸಾಧನವಾದರೂ ಅದು ಕಾರನ್ನು ಮುಟ್ಟುವ ಜಾಗದ ಬಗ್ಗೆ ಎಚ್ಚರ ಬೇಕು. ಉಕ್ಕಿನ ಒಡಲಿನ ಕಾರುಗಳಲ್ಲಿ ಬಾಗಿಲಿನ ಕೆಳಗಿನ ಪಟ್ಟಿಯಾದ ಸಿಲ್ಲಿನ ಕೆಳಗೆ ಎರಡು ತಗಡು ಕೂಡಿಸಿ ಬೆಸೆದ ಅಂಚು ಇರುತ್ತದೆ. ಜ್ಯಾಕಿನ ಬೋಳು ಕಬ್ಬಿಣದ ತಲೆ ಅದನ್ನು ಮಡಿಚಿ ಹಾಕುತ್ತದೆ, ಆದ್ದರಿಂದ ನಡುವೆ ಸೀಳಿರುವ ರಬ್ಬರ್ ಬಿಲ್ಲೆ ಇಡಬೇಕು. ಲೋಟಸ್ ಎಲೀಸ್‌ನಂತಹ ಕಾರಿನ ಕಥೆ ಬೇರೆ. 1996ರಲ್ಲಿ ಬಂದ ಆ ಕಾರಿನ ಚಾಸಿ ಉದ್ದನೆಯ ಅಲ್ಯೂಮಿನಿಯಂ ತುಂಡುಗಳನ್ನು ಅಂಟಿನಿಂದ ಕೂಡಿಸಿ ಮಾಡಿದ್ದು, ತೂಕ ಕೇವಲ 68 ಕಿಲೋ. ಅದರ ಅಡಿಯಲ್ಲಿ ಕೈಪಿಡಿ ತೋರಿಸಿದ ಬಿಂದುಗಳನ್ನು ಬಿಟ್ಟು ಬೇರೆಡೆ ಜ್ಯಾಕ್ ಒತ್ತಿದರೆ ಆಗುವ ಪೆಟ್ಟನ್ನು ಬಡಿದು ನೆಟ್ಟಗೆ ಮಾಡಲಾಗದು.

ಟ್ರ್ಯಾಕಿನಿಂದ ಬಂದ ಕಾರನ್ನು ಎತ್ತುವಾಗ ಇನ್ನೂ ಎರಡು ವಿಷಯ ಕಾಡುತ್ತವೆ. ಕಾದ ಬ್ರೇಕ್ ಡಿಸ್ಕಿನ ಮೇಲೆ ಬ್ರೇಕ್ ಪ್ಯಾಡ್ ಒತ್ತಿಕೊಂಡು ನಿಂತರೆ ಅದರ ಪದರ ಡಿಸ್ಕಿಗೆ ಅಂಟಿ ನಡುಕಕ್ಕೆ ದಾರಿಯಾಗುವುದರಿಂದ ಸೆಷನ್ ಮುಗಿದ ಕೂಡಲೇ ಹ್ಯಾಂಡ್ ಬ್ರೇಕ್ ಹಾಕಬಾರದು; ಹಾಕಿದರೂ ಅದು ಹಿಡಿಯುವುದು ಹಿಂದಿನ ಚಕ್ರಗಳನ್ನು, ಅವನ್ನು ಎತ್ತಿದ ಮೇಲೆ ಕಾರನ್ನು ಹಿಡಿಯಲು ಏನೂ ಉಳಿಯುವುದಿಲ್ಲ. ಆದ್ದರಿಂದ ಕಾರು ಗೇರಿನಲ್ಲಿರಲಿ, ನೆಲದಲ್ಲಿರುವ ಚಕ್ರಗಳಿಗೆ ಗಟ್ಟೆ ಇರಲಿ. ಎರಡನೆಯದು ಬಿಸಿಲಿಗೆ ಮೆತ್ತಗಾದ ಡಾಂಬರು. ಜ್ಯಾಕಿನ ಸಣ್ಣ ಚಕ್ರಗಳೂ ಸ್ಟ್ಯಾಂಡಿನ ಕಾಲುಗಳೂ ಅದರಲ್ಲಿ ಹೂಳುತ್ತವೆ. ಜ್ಯಾಕ್ ಏರುವಾಗ ಅದರ ತಲೆ ಕಮಾನಿನಂತೆ ಹಿಂದಕ್ಕೆ ಚಲಿಸುತ್ತದೆ, ಅದಕ್ಕೆ ತಕ್ಕಂತೆ ಇಡೀ ಜ್ಯಾಕ್ ಉರುಳಿಕೊಳ್ಳಬೇಕು. ಉರುಳದಿದ್ದರೆ ತಲೆಯೇ ಬಿಂದುವಿನಿಂದ ಜಾರುತ್ತದೆ. 18 ಮಿಲಿಮೀಟರ್ ದಪ್ಪದ ಪ್ಲೈವುಡ್ ತುಂಡೊಂದನ್ನು ಅಡಿಗೆ ಹಾಸಿದರೆ ಇದು ತಪ್ಪುತ್ತದೆ. ಬಿಚ್ಚಿದ ಚಕ್ರವನ್ನು ಅತ್ತ ಎಸೆಯದೆ ಸಿಲ್ಲಿನ ಕೆಳಗೆ ಮಲಗಿಸಿಡಿ, ಜ್ಯಾಕ್ ಕೈಕೊಟ್ಟರೂ ಕಾರು ಅದರ ಮೇಲೆ ಕೂರುತ್ತದೆ. ಜ್ಯಾಕಿನ ಮೇಲೆ ಮಾತ್ರ ನಿಂತಿರುವ ಕಾರಿನ ಅಡಿಗೆ ಕೈಯನ್ನೂ ಹಾಕಬಾರದು.

ಬೋಲ್ಟ್, ಸ್ಟಡ್, ಸೆಂಟರ್ ಲಾಕ್

ಚಕ್ರ ಕೂರುವ ತಿರುಗುಬಿಲ್ಲೆಯಿಂದ, ಅಂದರೆ ಹಬ್ಬಿನಿಂದ, ಚಾಚಿದ ತಿರುಪಿನ ಕಡ್ಡಿಗಳಾದ ಸ್ಟಡ್‌ಗಳಿಗೆ ನಟ್ ಬಿಗಿಯುವ ಕಾರು ನಿಮ್ಮದಾಗಿದ್ದರೆ ಚಕ್ರ ಬದಲಿಸುವುದು ಸುಲಭ, ಚಕ್ರವನ್ನು ತೂಗುಹಾಕಿ ಬಿಗಿದರಾಯಿತು. ಯುರೋಪಿನ ಬಹಳಷ್ಟು ಕಾರುಗಳಲ್ಲಿರುವಂತೆ ಬೋಲ್ಟ್ ಇದ್ದರೆ, ಒಂದು ಕೈಯಲ್ಲಿ 18 ಕಿಲೋದ ಚಕ್ರವನ್ನು ಎತ್ತಿ ತೂತಿಗೆ ತೂತು ಕೂಡಿಸಿ ಇನ್ನೊಂದು ಕೈಯಲ್ಲಿ ಬೋಲ್ಟ್ ಹಾಕಬೇಕು. ಇದಕ್ಕೆ ಎರಡು ಪರಿಹಾರಗಳಿವೆ. ಒಂದು, ಹಬ್ಬಿನ ಮೇಲಿನ ತೂತಿಗೆ ತಾತ್ಕಾಲಿಕವಾಗಿ ತಿರುಗಿಸುವ ಗೈಡ್ ಪಿನ್. ಇನ್ನೊಂದು, ಬೋಲ್ಟುಗಳನ್ನೇ ತೆಗೆದು ಸ್ಟಡ್ ಕೂರಿಸುವುದು. ಪದೇ ಪದೇ ಬದಲಿಸುವವರಿಗೆ ಸ್ಟಡ್ ಒಳ್ಳೆಯದು. ಹಬ್ಬಿನ ಮರೆ, ಅಂದರೆ ತಿರುಪಿನ ಗೆರೆಗಳು, ಸವೆಯುವ ಬದಲು, ಬದಲಿಸಬಹುದಾದ ಸ್ಟಡ್ಡಿನ ಮರೆ ಸವೆಯುತ್ತದೆ. ಆದರೆ ಸ್ಟಡ್‌ಗಳನ್ನು ಶಾಶ್ವತವೆಂದು ಬಗೆಯಬಾರದು, ಅವನ್ನು ಕಾಲಕಾಲಕ್ಕೆ ಬದಲಿಸಬೇಕು. ವರ್ಷಕ್ಕೆರಡು ಸಲ ಬದಲಿಸುವವರಿಗೆ ಗೈಡ್ ಪಿನ್ ಧಾರಾಳವಾಗಿ ಸಾಕು. ಕಾರ್ಬನ್ ಸೆರಾಮಿಕ್ ಡಿಸ್ಕ್ ಇರುವ ಕಾರಿಗಂತೂ ಗೈಡ್ ಪಿನ್ ಕಡ್ಡಾಯ ಎನ್ನುತ್ತೇನೆ: ಜಾರಿದ ಚಕ್ರದ ಒಳ ಅಂಚು ಆ ಡಿಸ್ಕಿಗೆ ತಗಲಿದರೆ ಅಂಚು ಚಕ್ಕೆಯೇಳುತ್ತದೆ.

ಪೋರ್ಷೆ 911 ಜಿಟಿ3ಯಂತಹ ಕಾರುಗಳ ಸೆಂಟರ್ ಲಾಕ್ ನೋಡಲು ಒಂದೇ ನಟ್, ಆದರೆ ಅದನ್ನು ಬಿಗಿಯಬೇಕಾದದ್ದು ಸುಮಾರು 600 ನ್ಯೂಟನ್ ಮೀಟರಿಗೆ. 1.2 ಮೀಟರ್ ಉದ್ದದ ಹಿಡಿಯ ತುದಿಯಲ್ಲಿ ಐವತ್ತು ಕಿಲೋ ಭಾರ ಹಾಕಿದಂತೆ ಇದು. ಒಳಗೊಬ್ಬರು ಬ್ರೇಕ್ ತುಳಿದು ಕೂರಬೇಕು, ಹೊರಗೊಬ್ಬರು ಬಿಗಿಯಬೇಕು. ಬಿಗಿಯುವ, ಸಡಿಲಿಸುವ, ಮತ್ತೆ ಬಿಗಿಯುವ ಕ್ರಮವನ್ನು ತಯಾರಕರ ಪುಸ್ತಕದಲ್ಲಿರುವಂತೆ ಅಕ್ಷರಶಃ ಪಾಲಿಸಬೇಕು. ರೇಸಿನಲ್ಲಿ ಸೆಕೆಂಡುಗಳನ್ನು ಉಳಿಸುವ ಈ ವ್ಯವಸ್ಥೆ ಒಬ್ಬರೇ ಟ್ರ್ಯಾಕ್ ಡೇಗೆ ಹೋಗುವವರಿಗೆ ಅನುಕೂಲವಲ್ಲ.

ಬಿಗಿತದ ಬಗ್ಗೆ ಒಂದು ಲೆಕ್ಕ ತಿಳಿದಿದ್ದರೆ ಬೇಕಾದ ಬಿಗಿತ ತಲುಪಿದಾಗ ಟಕ್ ಎನ್ನುವ ಟಾರ್ಕ್ ರೆಂಚಿನ ಮೇಲೆ ಗೌರವ ಹುಟ್ಟುತ್ತದೆ. ನೀವು ಹಾಕುವ ಬಲದ ಹತ್ತರಲ್ಲಿ ಒಂಬತ್ತು ಪಾಲು ಮರೆಯ ಮತ್ತು ನಟ್ಟಿನ ಬುಡದ ಉಜ್ಜಾಟಕ್ಕೇ ಹೋಗುತ್ತದೆ. ಸ್ಟಡ್ಡನ್ನು ಎಳೆದು ಚಕ್ರವನ್ನು ಅದುಮುವುದು ಉಳಿದ ಒಂದು ಪಾಲು. ಆ ಒಂದು ಪಾಲಿನಿಂದಲೇ 12 ಮಿಲಿಮೀಟರಿನ ಸ್ಟಡ್ಡೊಂದು 110 ನ್ಯೂಟನ್ ಮೀಟರ್ ಬಿಗಿತಕ್ಕೆ ಸುಮಾರು ನಾಲ್ಕೂವರೆ ಟನ್ ಬಲದಿಂದ ಚಕ್ರವನ್ನು ಹಬ್ಬಿಗೆ ಒತ್ತುತ್ತದೆ. ಮರೆಗೂ ನಟ್ಟಿನ ಬುಡಕ್ಕೂ ಗ್ರೀಸು ಹಚ್ಚಿದರೆ ಉಜ್ಜಾಟ ಕಡಿಮೆಯಾಗಿ, ರೆಂಚ್ ಅದೇ ಅಂಕಿಯಲ್ಲಿ ಟಕ್ ಎಂದರೂ, ಎಳೆತ ಏಳು ಟನ್ನಿನ ಹತ್ತಿರಕ್ಕೆ, ಅಂದರೆ ಸ್ಟಡ್ಡಿನ ತಾಳಿಕೆಯ ಅಂಚಿಗೆ ಹೋಗಬಹುದು. ಆದ್ದರಿಂದ ತಯಾರಕರು ಹಚ್ಚಲು ಹೇಳದಿದ್ದರೆ ಮರೆ ಒಣಗಿಯೇ ಇರಲಿ. ತುಕ್ಕು ಹಿಡಿದು ಚಕ್ರ ಹಬ್ಬಿಗೆ ಕಚ್ಚಿಕೊಳ್ಳುವ ತೊಂದರೆಗೆ ಹಬ್ಬಿನ ನಡುವಿನ ಉಬ್ಬಿಗೆ ಮಾತ್ರ ತೆಳುವಾಗಿ ಸವರಿದರೆ ಸಾಕು, ಚಪ್ಪಟೆ ಮುಖಕ್ಕಲ್ಲ.

ಅಂಕಿ ಕಾರಿನಿಂದ ಕಾರಿಗೆ ಬೇರೆ, ಕೈಪಿಡಿಯಲ್ಲಿ ನೋಡಿ. ನಟ್‌ಗಳನ್ನು ಮೊದಲು ಬೆರಳಿನಿಂದಲೇ ಹಲವು ಸುತ್ತು ತಿರುಗಿಸಬೇಕು. ನಟ್ ಬಿಗಿಯುವ ಬ್ಯಾಟರಿ ಗನ್ನಿನಿಂದ ಶುರುಮಾಡಿದರೆ ಮರೆ ಅಡ್ಡಕ್ಕೆ ಹತ್ತಿದ್ದು ತಿಳಿಯುವುದೇ ಇಲ್ಲ. ಆಮೇಲೆ ನಕ್ಷತ್ರದ ಕ್ರಮದಲ್ಲಿ ಎದುರು ಬದುರು ಬಿಗಿದು, ಕೊನೆಯ ಬಿಗಿತವನ್ನು ಚಕ್ರ ನೆಲ ಮುಟ್ಟಿದ ಮೇಲೆ ರೆಂಚಿನಿಂದ ಕೊಡಬೇಕು. ಕಳ್ಳರ ಭಯಕ್ಕೆ ಹಾಕುವ ಬೀಗದ ನಟ್‌ಗಳನ್ನು ಟ್ರ್ಯಾಕ್ ಸೆಟ್ಟಿಗೆ ಹಾಕಬೇಡಿ. ಅದರ ಕೀಲಿ ಒಡೆದರೆ ಚಕ್ರ ಅಲ್ಲೇ ಉಳಿಯುತ್ತದೆ.

ರಿಮ್ ಆರಿಸುವಾಗ

ಬೋಲ್ಟಿನ ತೂತುಗಳ ಸಂಖ್ಯೆ ಮತ್ತು ಅವು ಕೂರುವ ವೃತ್ತದ ವ್ಯಾಸ ಹೊಂದಬೇಕು ಎಂಬುದನ್ನು ಯಾರೂ ಮರೆಯುವುದಿಲ್ಲ: ನಾಲ್ಕನೆಯ ತಲೆಮಾರಿನ ಎಂಎಕ್ಸ್-5ಕ್ಕೆ ನಾಲ್ಕು ತೂತು 100 ಮಿಲಿಮೀಟರ್ ವೃತ್ತ, ಟೊಯೋಟ ಜಿಆರ್86ಕ್ಕೆ ಐದು ತೂತು 100, ಸೆಂಟರ್ ಲಾಕ್ ಇಲ್ಲದ ಪೋರ್ಷೆ 911ಕ್ಕೆ ಐದು ತೂತು 130. ಮರೆಯುವುದು ನಡುವಿನ ತೂತನ್ನು ಮತ್ತು ನಟ್ ಕೂರುವ ಕುಳಿಯ ಆಕಾರವನ್ನು. ನಡುವಿನ ತೂತು ಹಬ್ಬಿನ ಉಬ್ಬಿಗಿಂತ ದೊಡ್ಡದಿದ್ದರೆ ಅಳತೆಯ ಉಂಗುರ ಹಾಕಿ ತುಂಬಬೇಕು. ಕಾದ ಬ್ರೇಕಿನ ಪಕ್ಕದಲ್ಲಿ ಪ್ಲಾಸ್ಟಿಕ್ ಉಂಗುರ ಕರಗುವುದರಿಂದ ಅಲ್ಯೂಮಿನಿಯಂ ಉಂಗುರವನ್ನೇ ಹಾಕಿ. ಕುಳಿಯ ವಿಚಾರ ಇನ್ನೂ ಗಂಭೀರ. ಮೂಲ ಚಕ್ರದ ಬೋಲ್ಟಿನ ಬುಡ ಗುಂಡಾಗಿದ್ದು, ಹೊಸ ರಿಮ್ಮಿನ ಕುಳಿ ಆಲಿಕೆಯಂತೆ ಓರೆಯಾಗಿದ್ದರೆ, ಎರಡೂ ಒಂದು ಗೆರೆಯಷ್ಟು ಜಾಗದಲ್ಲಿ ಮಾತ್ರ ತಾಗಿರುತ್ತವೆ. ರೆಂಚ್ ಟಕ್ ಎನ್ನುತ್ತದೆ, ಬಿಗಿಯಾಗಿದೆ ಎನಿಸುತ್ತದೆ, ಕೆಲವು ಸುತ್ತುಗಳ ಬಳಿಕ ಸಡಿಲಾಗಿರುತ್ತದೆ. ಹೀಗಾಗಿ ಟ್ರ್ಯಾಕ್ ಸೆಟ್ಟಿಗೆ ಅದರದೇ ಬೋಲ್ಟುಗಳನ್ನು ಬೇರೆ ಡಬ್ಬಿಯಲ್ಲಿಟ್ಟು, ಮೇಲೆ ಹೆಸರು ಬರೆದಿಡಬೇಕು.

ಅಚ್ಚಿಗೆ ಎರೆದ ರಿಮ್, ಎರೆದು ಅಂಚನ್ನು ಉರುಳೆಯಿಂದ ಒತ್ತಿ ಹಿಗ್ಗಿಸಿದ ಫ್ಲೋ ಫಾರ್ಮ್ಡ್ ರಿಮ್, ಗಟ್ಟಿ ಲೋಹವನ್ನು ಬಡಿದು ಮಾಡಿದ ಫೋರ್ಜ್ಡ್ ರಿಮ್, ಈ ಮೂರರಲ್ಲಿ ನಡುವಿನದನ್ನು ನಾನು ಆರಿಸುತ್ತೇನೆ. ಫೋರ್ಜ್ಡ್ ಹಗುರವೂ ಹೌದು ಗಟ್ಟಿಯೂ ಹೌದು. ಆದರೆ ಟ್ರ್ಯಾಕಿನ ಅಂಚುಗಲ್ಲಿಗೆ ಬಡಿಸಿಕೊಳ್ಳಬೇಕಾದ, ಟೈರ್ ಬದಲಿಸುವಾಗಲೆಲ್ಲ ಗೀರಿಸಿಕೊಳ್ಳುವ ರಿಮ್ಮಿಗೆ ಅಷ್ಟು ಹಣ ಹಾಕುವ ಬದಲು ಅದನ್ನು ಟೈರಿಗೂ ಜ್ಯಾಕಿಗೂ ಹಾಕುವುದು ಮೇಲು. ಯಾವುದಾದರೂ ಭಾರದ ಮಿತಿ ರಿಮ್ಮಿನ ಮೇಲೆ ಅಚ್ಚಾಗಿರಬೇಕು. ಜಪಾನಿನ ಜೆಡಬ್ಲ್ಯುಎಲ್ ಗುರುತಿನಂತಹ ಪರೀಕ್ಷೆಯ ಮುದ್ರೆಯೂ ಇಲ್ಲದ ರಿಮ್ಮನ್ನು ಟ್ರ್ಯಾಕಿಗೆ ಒಯ್ಯಬಾರದು.

ಒಂದು ಇಂಚು ಚಿಕ್ಕ ರಿಮ್ ಹಾಕಿದರೆ ಟೈರಿನ ಆಯ್ಕೆ ಹೆಚ್ಚು, ಪಕ್ಕದ ಗೋಡೆ ಎತ್ತರ, ತೂಕ ಕಡಿಮೆ. ಆದರೆ ಅದು ಬ್ರೇಕ್ ಪ್ಯಾಡುಗಳನ್ನು ಒತ್ತುವ ಕ್ಯಾಲಿಪರಿಗೆ ತಗಲಬಾರದು. ತಯಾರಕರು ಕೊಡುವ ಕ್ಯಾಲಿಪರ್ ನಕಾಶೆಯನ್ನು ರಟ್ಟಿನಲ್ಲಿ ಕತ್ತರಿಸಿ, ರಿಮ್ಮಿನ ಒಳಗಿಟ್ಟು ಒಂದು ಸುತ್ತು ತಿರುಗಿಸಿ ನೋಡಿ. ಕಡ್ಡಿಗಳ ಹಿಂಬದಿಗೂ ಒಳಸುತ್ತಿಗೂ ಮೂರು ಮಿಲಿಮೀಟರಾದರೂ ಅಂತರ ಉಳಿಯಬೇಕು. ಮುಂದಿನ ಹಿಂದಿನ ಟೈರುಗಳ ಹೊರವ್ಯಾಸದ ಅನುಪಾತವನ್ನು ಮೂಲದಂತೆಯೇ ಕಾಯ್ದುಕೊಳ್ಳುವುದು ಅಗತ್ಯ, ಏಕೆಂದರೆ ಎಬಿಎಸ್ ಮತ್ತು ಸ್ಥಿರತೆಯ ವ್ಯವಸ್ಥೆಗಳು ಚಕ್ರಗಳ ವೇಗವನ್ನು ಒಂದಕ್ಕೊಂದು ಹೋಲಿಸಿ ಕೆಲಸ ಮಾಡುತ್ತವೆ.

ಟೈರು ಮತ್ತು ಗಾಳಿ

ಮಿಶೆಲಿನ್ ಪೈಲಟ್ ಸ್ಪೋರ್ಟ್ ಕಪ್ 2, ಯೋಕೋಹಾಮ ಎ052, ಟೋಯೋ ಆರ್888ಆರ್ ಇವೆಲ್ಲ ರಸ್ತೆಯ ಮೇಲೂ ಓಡಿಸಲೆಂದು ಮಾಡಿದ ಟ್ರ್ಯಾಕ್ ಟೈರುಗಳು. ಒಣ ನೆಲದಲ್ಲಿ ಇವುಗಳ ಹಿಡಿತ ಸಾಧಾರಣ ರಸ್ತೆ ಟೈರಿಗಿಂತ ಬಹಳ ಮೇಲು. ಗೆರೆಗಳು ಕಡಿಮೆಯಿರುವುದರಿಂದ ನಿಂತ ನೀರನ್ನು ಹೊರದೂಡುವ ಶಕ್ತಿ ಕಡಿಮೆ, ಅದರಲ್ಲೂ ದಿನವಿಡೀ ಟ್ರ್ಯಾಕಿನಲ್ಲಿ ಸವೆದು ಸಂಜೆ ಮಳೆಗೆ ಸಿಕ್ಕಿದರೆ ವೇಗವನ್ನು ಬಹಳ ಇಳಿಸಿಯೇ ಬರಬೇಕು. ಮನೆಯಿಂದಲೇ ಟ್ರ್ಯಾಕ್ ಚಕ್ರದ ಮೇಲೆ ಹೊರಡುವವರು ಈ ಗುಂಪಿನಲ್ಲಿಯೂ ಮಳೆಗೆ ಸ್ವಲ್ಪ ಹೊಂದುವುದನ್ನು ಆರಿಸಬೇಕು. ಪ್ಯಾಡಕ್‌ನಲ್ಲಿ ಬದಲಿಸುವವರಿಗೆ ಆ ಹಂಗಿಲ್ಲ.

ಗಾಳಿಯ ಲೆಕ್ಕದಲ್ಲಿಯೂ ಈ ಎರಡು ದಾರಿಗಳಿಗೆ ವ್ಯತ್ಯಾಸವಿದೆ. ಟೈರಿನ ಉಷ್ಣತೆ ಪ್ರತಿ 10 ಡಿಗ್ರಿ ಏರಿದಾಗ ಒತ್ತಡ ಸುಮಾರು 0.1 ಬಾರ್ ಏರುತ್ತದೆ. ಬೆಳಿಗ್ಗೆ 1.9 ಬಾರ್ ಇದ್ದದ್ದು ನಾಲ್ಕೈದು ಜೋರು ಸುತ್ತುಗಳ ಬಳಿಕ 2.4 ಆಗಬಹುದು, ಆಗ ಗಾಳಿ ಬಿಟ್ಟು ಬೇಕಾದ ಬಿಸಿ ಒತ್ತಡಕ್ಕೆ ತರುತ್ತೀರಿ. ಅದೇ ಟೈರಿನ ಮೇಲೆ ಮನೆಗೆ ಹೊರಡುವ ಹೊತ್ತಿಗೆ ಅದು ತಣ್ಣಗಾಗಿ, ಬೆಳಗಿನ ಅಂಕಿಗಿಂತಲೂ ಕೆಳಗಿಳಿದಿರುತ್ತದೆ. ಹಾಗೆಯೇ ಹೆದ್ದಾರಿ ಹತ್ತಿದರೆ ಪಕ್ಕದ ಗೋಡೆ ಮಡಿಚಿ ಮಡಿಚಿ ಕಾಯುತ್ತದೆ. ಮನೆಯಿಂದಲೇ ಬದಲಿಸಿ ಬರುವವರಿಗೆ ಗಾಳಿ ಪಂಪ್ ಜ್ಯಾಕಿನಷ್ಟೇ ಅಗತ್ಯ.

ಬಿಗಿತವನ್ನು ಮತ್ತೆ ನೋಡುವ ಕೆಲಸ ಮಾತ್ರ ಎಲ್ಲರಿಗೂ ಒಂದೇ. ಹೊಸ ರಿಮ್ಮಿನ ಬಣ್ಣ ನಟ್ಟಿನ ಕೆಳಗೆ ಜಜ್ಜಿ ತೆಳುವಾಗುತ್ತದೆ, ಬಿಸಿಗೆ ಲೋಹ ಹಿಗ್ಗಿ ಕುಗ್ಗುತ್ತದೆ, ಬಿಗಿತ ಇಳಿಯುತ್ತದೆ. ಹೊಸ ಸೆಟ್ಟಿನ ಮೊದಲ ದಿನ, ಮೊದಲ ಸೆಷನ್ ಮುಗಿದು ಚಕ್ರ ಕೈಗೆ ತಣ್ಣಗೆ ಹತ್ತಿದ ಮೇಲೆ ನಾನು ರೆಂಚ್ ಹಾಕಿದಾಗ ಎಡ ಮುಂದಿನ ಚಕ್ರದ ಎರಡು ನಟ್‌ಗಳು ಟಕ್ ಎನ್ನುವ ಮೊದಲು ಕಾಲು ಸುತ್ತು ತಿರುಗಿದವು; ಉಳಿದವು ಕದಲಲಿಲ್ಲ. ಈಗ ಬಿಗಿದ ಪ್ರತಿ ನಟ್ಟಿನಿಂದ ರಿಮ್ಮಿನವರೆಗೆ ಬಣ್ಣದ ಪೆನ್ನಿನಲ್ಲಿ ಒಂದು ಗೆರೆ ಎಳೆಯುತ್ತೇನೆ, ಪ್ರತಿ ಸೆಷನ್ ಬಳಿಕ ಬಗ್ಗಿ ನೋಡಿದರೆ ಗೆರೆ ಮುರಿದಿದೆಯೋ ಕೂಡಿದೆಯೋ ತಿಳಿಯುತ್ತದೆ. ಮನೆಗೆ ಬಂದು ರಸ್ತೆ ಚಕ್ರಗಳನ್ನು ಹಾಕಿದ ಮೇಲೆಯೂ 50ರಿಂದ 100 ಕಿಲೋಮೀಟರ್ ಓಡಿಸಿ, ಅದೇ ರೆಂಚನ್ನು ಅದೇ ಅಂಕಿಗೆ ಇಟ್ಟು, ನಾಲ್ಕು ಚಕ್ರಗಳನ್ನೂ ಮತ್ತೊಮ್ಮೆ ಸುತ್ತಿ ಬರಬೇಕು.